ಏಳು ಬಾರ್ ಎರಡು ಅಂದರೆ ಫೆಬ್ರವರಿ ಏಳು

ದೊಡ್ಡಮ್ಮನ ಜಮೀನಿಗೆ ತಾರೀಖು ಸಿಕ್ಕಿರಲಿಲ್ಲ. ಅರ್ಜಿ ಹಾಕಿದವರಲ್ಲಿ ಸುಮಾರು ಅರ್ಧ ಜನಕ್ಕೆ ಸಿಕ್ಕಿತ್ತು. ಪಂಚಾಯ್ತಿ ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಹನ್ನೆರಡು ಮಾರ್ಚ್, ಒಂಬತ್ತು ಫೆಬ್ರವರಿ ಎಂದು ಅಚ್ಚುಕಟ್ಟಾಗಿ ಇತ್ತು. ದೊಡ್ಡಮ್ಮನ ಹೆಸರಿನ ಮುಂದೆ ಇದ್ದದ್ದು ಅವಳ ಸರ್ವೆ ನಂಬರ್ ಮಾತ್ರ.

ಜಮೀನಿನ ಗಡಿ ಅಳೆದು ಕಲ್ಲು ನೆಡುವ ಕೆಲಸಕ್ಕೆ ಸರ್ಕಾರಿ ಭಾಷೆಯಲ್ಲಿ ಹದ್ದುಬಸ್ತು ಎನ್ನುತ್ತಾರೆ. ಅದಕ್ಕೆ ಅರ್ಜಿ ಹಾಕಿದ ನಮ್ಮೂರಿನವರ ಪಟ್ಟಿ ಅದು. ಎರಡೂವರೆ ಪುಟ, ಕೆಳಗೆ ಮೊಹರು. ಯಾವ ತಾಲ್ಲೂಕು ಎಂದು ನಾನು ಬರೆಯುವುದಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಇರುವುದೇ ನಾಲ್ಕು ತಾಲ್ಲೂಕು. ಓದುವವರು ತಮ್ಮದಲ್ಲದ ಮೂರರಲ್ಲಿ ಯಾವುದೋ ಒಂದು ಎಂದುಕೊಂಡರೆ ಯಾರಿಗೂ ನೋವಾಗುವುದಿಲ್ಲ. ಕನ್ನಡ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಬಹಳ ವರ್ಷ ಕೂತು, ಬೇರೆಯವರ ತಪ್ಪು ತಿದ್ದಿ ಸಂಬಳ ತೆಗೆದುಕೊಂಡವನು ನಾನು. ಊರಿಗೆ ಮರಳಿದ ಮೇಲೂ ಆ ಪತ್ರಿಕೆಗೆ ಆಗಾಗ ಸುದ್ದಿ ಕಳಿಸುತ್ತೇನೆ. ಇಲ್ಲಿ ನಾನು ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಬರೆಯುತ್ತಿದ್ದೇನೆ.

ದೊಡ್ಡಮ್ಮ ಎಂದರೆ ನಮ್ಮ ತಂದೆಯ ಅಣ್ಣನ ಹೆಂಡತಿ. ತ್ಯಾಮಗೊಂಡ್ಲು ಕಡೆಯಿಂದ ಬಂದವಳು. ತವರಿನ ತೆಂಗಿನಕಾಯಿಗೂ ಇಲ್ಲಿನ ಕಾಯಿಗೂ ಇರುವ ವ್ಯತ್ಯಾಸವನ್ನು ಐವತ್ತು ವರ್ಷದಿಂದ ವಿವರಿಸುತ್ತಿದ್ದಾಳೆ. ಬೆಳಿಗ್ಗೆ ಐದಕ್ಕೆ ಎದ್ದು ಎರಡು ಹಸುವಿನ ಹಾಲು ಡೇರಿಗೆ ಹಾಕುತ್ತಾಳೆ. ಊರಿಗೆ ಮರಳಿದ ಮೇಲೆ ನನ್ನ ಊಟವೂ ಅವಳ ಮನೆಯಲ್ಲೇ. ಜೊತೆಗೆ ಮಗಳು, ಅಳಿಯ ಇದ್ದಾರೆ. ಅಳಿಯ ಮಾತನಾಡುವುದಿಲ್ಲ, ಅದಕ್ಕೆ ಅವಕಾಶವೂ ಇಲ್ಲ.

ನಮ್ಮ ಅಜ್ಜನ ಮೂವತ್ತೆಂಟನೇ ನಂಬರಿನ ಹೊಲ ಭಾಗವಾದಾಗ ಬಾರ್ ಒಂದು, ಎಂದರೆ 38/1, ನಮ್ಮ ತಂದೆಗೆ, ಬಾರ್ ಎರಡು ದೊಡ್ಡಪ್ಪನಿಗೆ ಬಂದಿತ್ತು. ನಮ್ಮ ಭಾಗವನ್ನು ನಾವು ಮಾರಿದೆವು. ಕೊಂಡವರು ಇನ್ನೊಬ್ಬರಿಗೆ ಮಾರಿದರು. ಈಗ ಅದು ಲೇಔಟು. ದೊಡ್ಡಪ್ಪ ತೀರಿಕೊಂಡಾಗ ನಮ್ಮವರ ಪದ್ಧತಿಯಂತೆ ಸ್ವಂತ ಹೊಲದಲ್ಲೇ, ಬಡಗಣ ಬದುವಿನ ಹತ್ತಿರ, ಮಣ್ಣು ಮಾಡಿದ್ದೆವು. ಮೇಲೆ ಒಂದು ಸಿಮೆಂಟಿನ ಕಟ್ಟೆ, ದೀಪ ಇಡಲು ಗೂಡು. ಆ ಕಡೆಗೆ ಲೇಔಟಿನವರು ಕಾಂಪೌಂಡ್ ಹಾಕಲು ಶುರು ಮಾಡಿದ್ದರು. ಕಾಂಕ್ರೀಟಿನ ಕಂಬ ನಿಲ್ಲಿಸಿ ನಡುವೆ ಹಲಗೆಗಳನ್ನು ಇಳಿಸುತ್ತಾ ಹೋಗುವ ಗೋಡೆ ಅದು. ರಸ್ತೆ ಕಡೆಯಿಂದ ಹೊರಟು ದಿನಕ್ಕೆ ಇಷ್ಟಿಷ್ಟು ಎಂದು ನಮ್ಮ ಕಡೆಗೆ ಬರುತ್ತಿತ್ತು. ಅವರ ಸೂಪರ್‌ವೈಸರ್ ಹಗ್ಗ ಕಟ್ಟಿದ್ದ ನೇರಕ್ಕೆ ನೋಡಿದರೆ ದೊಡ್ಡಪ್ಪನ ಸಮಾಧಿ ಗೋಡೆಯ ಒಳಗೆ, ಎಂದರೆ ಲೇಔಟಿನ ಒಳಗೆ, ಸೇರುತ್ತಿತ್ತು.

ಸೂಪರ್‌ವೈಸರ್ ಕೆಟ್ಟ ಮನುಷ್ಯನಲ್ಲ. ದೊಡ್ಡಮ್ಮ ಜಗಳಕ್ಕೆ ಹೋದಾಗ ಕುರ್ಚಿ ಹಾಕಿಸಿ ಕೂರಿಸಿದ.

"ಅಮ್ಮ, ನಂಗೆ ತೋರ್ಸಿರೋ ಲೈನ್ ಇದು. ನಾನೇನ್ ಮಾಡ್ಲಿ? ನೀವು ಯೋಚ್ನೆ ಮಾಡ್ಬೇಡಿ, ಪಿತೃಪಕ್ಷಕ್ಕೆ ಗೇಟ್ ತೆಗೆಸ್ಕೊಡ್ತೀನಿ. ವಾಚ್‌ಮನ್‌ಗೆ ಹೇಳಿರ್ತೀನಿ."

"ನನ್ ಗಂಡನ್ನ ನೋಡಕ್ಕೆ ನಾನು ವಾಚ್‌ಮನ್‌ನ ಕೇಳ್ಬೇಕೇನಪ್ಪಾ?"

"ಎಂಟ್ರಿ ಬುಕ್ಕಲ್ಲಿ ಒಂದ್ ಸೈನ್ ಅಷ್ಟೇ ಅಮ್ಮ."

ಸರ್ಕಾರಿ ಸರ್ವೇಯರ್ ಬಂದು ಅಳೆದು ಕಲ್ಲು ನೆಟ್ಟರೆ ಆ ಗೆರೆಗೆ ತಲೆ ಬಾಗುವುದಾಗಿಯೂ, ಅಲ್ಲಿಯವರೆಗೆ ಕೆಲಸ ನಿಲ್ಲಿಸಲು ತನಗೆ ಅಧಿಕಾರ ಇಲ್ಲವೆಂದೂ ಅವನು ಹೇಳಿದ. ದೊಡ್ಡಮ್ಮನ ಅರ್ಜಿ ಹೋಗಿ ಐದು ತಿಂಗಳಾಗಿತ್ತು. ಯುಗಾದಿಯ ಹೊತ್ತಿಗೆ ಗೋಡೆ ಸಮಾಧಿ ದಾಟುವುದು ಖಚಿತವಿತ್ತು. ಇಷ್ಟಾದಾಗ ಪಟ್ಟಿ ಬಂತು.

ಫೆಬ್ರವರಿ ಮೊದಲ ವಾರ. ಪಂಚಾಯ್ತಿ ಮುಂದೆ ಜನ ಸೇರಿದ್ದರು. ಪಟ್ಟಿಯಲ್ಲಿ ಮೂರು ಕಲಂ: ಕ್ರಮಸಂಖ್ಯೆ, ಅರ್ಜಿದಾರರ ಹೆಸರು, ‘ಸರ್ವೆ’. ಸರ್ವೆ ಎಂಬುದರ ಕೆಳಗೆ ಕೆಲವರಿಗೆ ‘7-ಫೆಬ್’, ‘12-ಮಾರ್ಚ್’ ಎಂಬಂತೆ ದಿನ, ತಿಂಗಳು. ಕೆಲವರಿಗೆ ಬರೀ ನಂಬರ್. ಇದಕ್ಕಿಂತ ಸ್ಪಷ್ಟವಾಗಿ ಸರ್ಕಾರ ಯಾವತ್ತೂ ಮಾತನಾಡಿರಲಿಲ್ಲ: ನಿಮ್ಮ ಸರ್ವೆ ಇಂಥ ದಿನ.

ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದ ಗೆಳೆಯನೊಬ್ಬ ಮುಂದೆ ನಿಂತಿದ್ದ. ಹಿಪ್ಪುನೇರಳೆ ಬೆಳೆದು ವಿಜಯಪುರದ ಕಡೆ ರೇಷ್ಮೆಗೂಡು ಸಾಗಿಸುವವನು. ಅವನ ಎದುರು ‘4-ಜನ್’ ಎಂದಿತ್ತು.

"ನೋಡು ಗುರು, ನನ್ ಜಮೀನು ಹೋದ್ ತಿಂಗಳು ನಾಲ್ಕನೇ ತಾರೀಖೇ ಅಳ್ದುಬಿಟ್ಟವ್ರೆ! ನಂಗೇ ಗೊತ್ತಿಲ್ಲ."

"ನೀನು ಮನೇಲಿ ಇರ್ಲಿಲ್ವೇನೋ," ಎಂದ ಪಕ್ಕದವನು.

"ನಾನು ಮನೇಲಿ ಇಲ್ದೇ ಇರ್ಬೋದು ಕಣೋ, ಜಮೀನು ಎಲ್ಲಿಗ್ ಹೋಗಿತ್ತು?"

ಇನ್ನೊಬ್ಬರಿಗೆ ಆಗಸ್ಟ್ ಹದಿನೈದು ಬಂದಿತ್ತು. "ಬಾವುಟ ನಮ್ ಹೊಲದಲ್ಲೇ ಹಾರುಸ್ತಾರಾ ಹೆಂಗೆ?" ಎಂದು ಅವರು ಕೇಳಿದರು. "ಸ್ಕೂಲ್ ಮಕ್ಳೆಲ್ಲ ಬರ್ತಾರೆ, ಮಿಠಾಯಿ ನೀನೇ ಹಂಚ್ಬೇಕು," ಎಂದು ಹಿಂದಿನಿಂದ ಯಾರೋ ಕೂಗಿದರು.

ದೊಡ್ಡಮ್ಮ ಗುಂಪಿನ ನಡುವೆ ತೂರಿ ಬಂದು ನನ್ನ ತೋಳು ಹಿಡಿದಳು.

"ನಂದ್ ಓದ್ಲಾ."

"ಮೂವತ್ತೆಂಟು ಬಾರ್ ಎರಡು ಅಂತ ಇದೆ ದೊಡ್ಡಮ್ಮ."

"ಅದು ನಂಬರು. ತಾರೀಖು ಓದು."

"ತಾರೀಖು ಹಾಕಿಲ್ಲ."

"ಎಲ್ರಿಗೂ ತಾರೀಖು ಕೊಟ್ಟವ್ರೆ, ನನ್ ನಂಬರ್ ನಂಗೇ ವಾಪಸ್ ಕೊಟ್ಟವ್ರಾ? ನನ್ ನಂಬರ್ ನಂಗ್ ಗೊತ್ತಿಲ್ವೇನ್ಲಾ?"

ನಂಬರ್ ಮಾತ್ರ ಇದ್ದವರಿಗೆ ಎರಡನೇ ಹಂತದಲ್ಲಿ ದಿನ ಕೊಡುತ್ತಾರೆ ಎಂದು ಪಂಚಾಯ್ತಿ ಸದಸ್ಯರೊಬ್ಬರು ಸಮಾಧಾನ ಹೇಳಿದರು. ಅವರಿಗೆ ಅದು ಎಲ್ಲಿಂದ ಗೊತ್ತಾಯಿತು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಎಂಥದೇ ಹೇಳಿಕೆಗೂ ಮೂಲ ಕೇಳುವುದು ನನ್ನ ಕಸುಬಾಗಿತ್ತು. ಆವತ್ತು ನಾನೂ ನಂಬಿದೆ.

ಫೆಬ್ರವರಿ ಏಳಕ್ಕೆ ಮೊದಲ ಸರ್ವೆ. ಆ ಜಮೀನಿನವರು ಬದು ಸವರಿಸಿ, ಕಾಯಿ ಕರ್ಪೂರ ಇಟ್ಟುಕೊಂಡು ಬೆಳಿಗ್ಗೆ ಎಂಟರಿಂದ ಕಾದರು. ಹನ್ನೊಂದಾದರೂ ಸರ್ವೇಯರ್ ಬರಲಿಲ್ಲ. ಇಬ್ಬರು ನೆಂಟರನ್ನು ಕೂರಿಸಿಕೊಂಡು ಬೈಕಿನಲ್ಲಿ ತಾಲ್ಲೂಕಿನ ಸರ್ವೆ ಕಚೇರಿಗೆ ಹೋದರು. ಸರ್ವೇಯರ್ ಚಿಕ್ಕ ವಯಸ್ಸಿನವನು, ಆಗತಾನೇ ಚಿತ್ರಾನ್ನದ ಡಬ್ಬಿ ತೆಗೆದಿದ್ದನಂತೆ. ಇವರು ಮೊಬೈಲಿನಲ್ಲಿ ಪಟ್ಟಿಯ ಫೋಟೋ ತೋರಿಸಿದರು. ಸರ್ವೆ, ಏಳು ಫೆಬ್ರವರಿ, ಕೆಳಗೆ ಅದೇ ಕಚೇರಿಯ ಮೊಹರು. ಇಂಥದೊಂದು ದಿನ ನಿಗದಿಯಾದದ್ದು ತನಗೆ ತಿಳಿದಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಡಬ್ಬಿ ಮುಚ್ಚಿ ಹೊರಡುವುದು ಸುಲಭ. ಸಂಜೆಯೊಳಗೆ ಅಳತೆ ಮುಗಿಯಿತು.

ಆಮೇಲೆ ಅದೇ ವ್ಯವಸ್ಥೆಯಾಯಿತು. ಒಂಬತ್ತನೇ ತಾರೀಖಿನವರು ಒಂಬತ್ತಕ್ಕೆ ಹೋದರು, ಸರ್ವೇಯರ್ ಬಂದ. ಹನ್ನೊಂದರವರಿಗೂ ಬಂದ. ಕಚೇರಿಯಲ್ಲಿ ಯಾರೂ ತಯಾರಿಸದ ವೇಳಾಪಟ್ಟಿಯಂತೆ ಕಚೇರಿ ನಡೆಯತೊಡಗಿತು. ನಡೆದದ್ದು ಚೆನ್ನಾಗಿಯೇ ನಡೆಯಿತು. ನನಗೆ ಮೊದಲು, ನಿನಗೆ ಮೊದಲು ಎಂಬ ಗಲಾಟೆ ಇಲ್ಲ, ಶಿಫಾರಸು ಇಲ್ಲ. ನಮ್ಮ ಭಾಗದಲ್ಲಿ ಇಷ್ಟು ನಿಷ್ಪಕ್ಷಪಾತವಾಗಿ ಯಾವ ಕೆಲಸವೂ ನಡೆದದ್ದು ನನಗೆ ನೆನಪಿಲ್ಲ.

ತೊಂದರೆ ಆದದ್ದು ಹದಿನೇಳನೇ ತಾರೀಖಿನವರಿಗೆ. ಆವತ್ತು ಅಮಾವಾಸ್ಯೆ. ಅಮಾವಾಸ್ಯೆ ದಿನ ಹೊಲದಲ್ಲಿ ಅಳತೆ ಹಿಡಿಸುವುದಿಲ್ಲ ಎಂದು ಮನೆಯಲ್ಲಿ ಹಟ. ದಿನ ಬದಲಿಸಿ ಎಂದು ಕಚೇರಿಯಲ್ಲಿ ಕೇಳಿದರೆ, "ಕಂಪ್ಯೂಟರಲ್ಲಿ ಬಂದ್ಮೇಲೆ ನಾವೇನೂ ಮಾಡಕ್ಕಾಗಲ್ಲ" ಎಂದರಂತೆ. ಅವರು ನನ್ನ ಹತ್ತಿರ ಮನವಿ ಬರೆಸಲು ಬಂದರು. ನಾನು ಪೆನ್ನು ತೆಗೆದು ಬರೆದೆ: ‘ಸರ್ವೆ ನಂಬರ್ 17/2ರಲ್ಲಿನ ನನ್ನ ಜಮೀನಿನ ಅಳತೆಯನ್ನು ದಿನಾಂಕ 17/2ರಂದು...’

ಅಲ್ಲಿಗೆ ಪೆನ್ನು ನಿಂತಿತು. ಒಂದೇ ಸಾಲಿನಲ್ಲಿ ಒಂದೇ ಅಂಕಿ ಎರಡು ಸಲ ಬಂದರೆ ಡೆಸ್ಕಿನಲ್ಲಿ ಕೂತವನ ಕಣ್ಣು ಮುಂದಕ್ಕೆ ಹೋಗುವುದಿಲ್ಲ.

"ಯಾಕ್ ಸ್ವಾಮಿ ನಿಲ್ಲಿಸ್‌ಬಿಟ್ರಿ?"

"ನಿಮ್ಮ ಸರ್ವೆ ನಂಬರ್ ಹದಿನೇಳು ಬಾರ್ ಎರಡೇ ತಾನೇ?"

"ಹೂಂ. ನಮ್ ತಾತನ ಕಾಲದಿಂದ."

ಫೋನಿನಲ್ಲಿದ್ದ ಪಟ್ಟಿಯನ್ನು ದೊಡ್ಡದು ಮಾಡಿ ನೋಡಿದೆ. ಫೆಬ್ರವರಿ ಏಳರವರದು ಏಳು ಬಾರ್ ಎರಡು. ಗೆಳೆಯನ ಜನವರಿ ನಾಲ್ಕು ಎಂದರೆ ನಾಲ್ಕು ಬಾರ್ ಒಂದು. ಸ್ವಾತಂತ್ರ್ಯ ದಿನಾಚರಣೆ ಹದಿನೈದು ಬಾರ್ ಎಂಟು. ಸ್ಪ್ರೆಡ್‌ಶೀಟಿಗೆ ಗೀಟು ಹಾಕಿದ ಯಾವ ಅಂಕಿ ಕೊಟ್ಟರೂ, ದಿನವಾಗಬಲ್ಲದಾದರೆ ಅದು ದಿನ ಮಾಡಿಬಿಡುತ್ತದೆ. ನಮ್ಮ ಡೆಸ್ಕಿನಲ್ಲಿ ಒಮ್ಮೆ 3-2ರಲ್ಲಿ ಗೆದ್ದ ಹಾಕಿ ತಂಡ ಫೆಬ್ರವರಿ ಮೂರರಲ್ಲಿ ಗೆದ್ದಂತೆ ಅಚ್ಚಿಗೆ ಹೋಗುವುದರಲ್ಲಿತ್ತು. ಯಾವ ತಿಂಗಳಿಗೂ ಮೂವತ್ತೆಂಟನೇ ದಿನ ಇಲ್ಲದ್ದರಿಂದ ದೊಡ್ಡಮ್ಮನ ನಂಬರನ್ನು ಮಾತ್ರ ಅದು ಮುಟ್ಟಿರಲಿಲ್ಲ. ಇಡೀ ಪಟ್ಟಿಯಲ್ಲಿ ಸರಿಯಾಗಿ ಇದ್ದದ್ದು ಅವಳಂಥವರ ಸಾಲುಗಳು. ಆ ಕಾರಣಕ್ಕೇ ಅವರಿಗೆ ಸರ್ವೆ ಇರಲಿಲ್ಲ. ಎರಡನೇ ಹಂತ ಎಂಬುದೂ ಇರಲಿಲ್ಲ.

ಸುದ್ದಿ ಎಂಟು ಸಾಲಿನಲ್ಲಿ ಬರೆದು ಮುಗಿಸಿದೆ. ಕಳಿಸಲಿಲ್ಲ. ಅದು ಅಚ್ಚಾದ ಮರುದಿನ ಮೇಲಿನವರು ವಿವರಣೆ ಕೇಳುತ್ತಾರೆ, ಪಟ್ಟಿ ರದ್ದಾಗುತ್ತದೆ, ಹೊಸ ಪಟ್ಟಿಗೆ ಸಮಿತಿ ಆಗುತ್ತದೆ, ಅಷ್ಟರಲ್ಲಿ ಗೋಡೆ ಸಮಾಧಿ ದಾಟುತ್ತದೆ. ಸುಮ್ಮನಿದ್ದರೂ ದಾಟುತ್ತದೆ. ವರದಿಗಾರ ಕಚೇರಿಗೆ ಹೋಗುವುದು ಪ್ರತಿಕ್ರಿಯೆ ಪಡೆಯಲು. ನಾನು ಹೋದದ್ದು ದೊಡ್ಡಮ್ಮನಿಗೆ ಒಂದು ದಿನ ಪಡೆಯಲು. ಎರಡನ್ನೂ ಒಂದೇ ಕುರ್ಚಿಯಲ್ಲಿ ಕೂತು ಮಾಡಬಹುದು ಎಂಬುದು ನಮ್ಮ ವೃತ್ತಿಯ ಅನುಕೂಲ.

ಪಟ್ಟಿ ಮಾಡಿದ್ದು ಗುತ್ತಿಗೆ ಮೇಲೆ ಕೆಲಸ ಮಾಡುವ ಆಪರೇಟರ್. ಮದುವೆಯಾಗಿ ಒಂದು ಮಗುವಿರುವ ಹೆಣ್ಣುಮಗಳು, ದಿನಾ ಎರಡು ಬಸ್ ಬದಲಿಸಿ ಬರುತ್ತಾಳೆ. ನಾನು ವಿಷಯ ಹೇಳಿದಾಗ ಮೊದಲು ನಂಬಲಿಲ್ಲ.

"ಸಾರ್, ನಾನು ಏಳು ಬಾರ್ ಎರಡು ಅಂತಾನೇ ಹೊಡ್ದಿರೋದು. ಆಣೆ ಮಾಡ್ತೀನಿ."

"ನೀವು ಸರಿಯಾಗೇ ಹೊಡ್ದಿದೀರಮ್ಮ. ಎಂಟರ್ ಒತ್ತಿದ ಮೇಲೆ ಅದು ಬದಲಾಗಿದೆ. ಎಂಟರ್ ಒತ್ತಿ ಸ್ಕ್ರೀನ್ ನೋಡಿದ್ರಾ?"

"ಎಲ್ಲಿ ಸಾರ್, ಇಷ್ಟೊಂದು ಅರ್ಜಿ. ಕೀಬೋರ್ಡ್ ನೋಡ್ಕೊಂಡು ಹೊಡೀತಾ ಇರ್ತೀನಿ."

ಅವಳು ಫೈಲು ತೆಗೆದಳು. ಇಡೀ ಹೋಬಳಿಯ ಅರ್ಜಿಗಳು ಒಂದೇ ಹಾಳೆಯಲ್ಲಿ. ಊರು ಎಂಬ ಕಲಮಿನ ಫಿಲ್ಟರ್ ಒತ್ತಿ, ಉಳಿದ ಊರುಗಳ ಟಿಕ್ ತೆಗೆದು, ನಮ್ಮೂರು ಒಂದನ್ನೇ ಉಳಿಸಿದಳು. ಸಾವಿರಾರು ಸಾಲು ಕಣ್ಣೆದುರೇ ಎರಡೂವರೆ ಪುಟಕ್ಕೆ ಇಳಿದವು. ಆ ಕೆಲಸದಲ್ಲಿ ಅವಳ ಕೈ ನನಗಿಂತ ಚುರುಕು. ಮೂರನೇ ಕಲಂ ಕಿರಿದಾಗಿತ್ತು. ನಾನು ಅದರ ಅಂಚು ಎಳೆದು ಅಗಲ ಮಾಡಲು ಹೇಳಿದೆ. ‘ಸರ್ವೆ’ ಎಂಬುದರ ಪಕ್ಕ ಅಡಗಿದ್ದ ‘ನಂಬರ್’ ಎಂಬ ಪದ ಹೊರಗೆ ಬಂತು. ಒಂದು ಬೆರಳಿನಷ್ಟು ಅಗಲ ಸಾಲದೆ ಊರಿಗೆ ಊರೇ ಕ್ಯಾಲೆಂಡರ್ ನೋಡುತ್ತಿತ್ತು.

ಆ ಕಲಮಿನ ಫಿಲ್ಟರ್ ಬಾಣವನ್ನು ಒತ್ತಿಸಿದೆ. ಕೆಳಗೆ ಬಿಚ್ಚಿಕೊಂಡ ಪಟ್ಟಿಯಲ್ಲಿ ಮೇಲೆ ಈ ವರ್ಷ, ಅದರೊಳಗೆ ಜನವರಿ, ಫೆಬ್ರವರಿ ಎಂದು ತಿಂಗಳುಗಳು. ತಿಂಗಳುಗಳೆಲ್ಲ ಮುಗಿದ ಮೇಲೆ, ಎಲ್ಲಕ್ಕಿಂತ ಕೆಳಗೆ, ದಿನವಾಗಲಾರದ ನಂಬರುಗಳು. ಅವುಗಳಲ್ಲಿ ಮೂವತ್ತೆಂಟು ಬಾರ್ ಎರಡು.

ಆಪರೇಟರ್ ಬಾಯಿಗೆ ಕೈ ಇಟ್ಟುಕೊಂಡಳು. "ಸಾರ್, ಹಂಗಾದ್ರೆ ಸರ್ವೇಯರ್ ಸಾರ್ ದಿನಾ ಹೋಗ್ತಾ ಇರೋದು?"

"ಸರ್ವೆ ನಂಬರ್ ನೋಡ್ಕೊಂಡು."

ಅವಳು ಗಾಬರಿಯಲ್ಲಿ ಇಡೀ ಕಲಂ ಆರಿಸಿ ಅದನ್ನು ಬರೀ ಅಕ್ಷರವೆಂದು ಬದಲಿಸಿದಳು. ದಿನಗಳು ಹೋದವು. ಅವುಗಳ ಜಾಗದಲ್ಲಿ ನಲವತ್ತಾರು ಸಾವಿರ ಚಿಲ್ಲರೆಯ ಐದಂಕಿಯ ಸಂಖ್ಯೆಗಳು ಬಂದು ಕೂತವು. ಒಳಗೊಳಗೆ ಅದು ದಿನಗಳನ್ನು 1900ರಿಂದ ಎಷ್ಟನೆಯದು ಎಂದು ಹಾಗೆಯೇ ಎಣಿಸುವುದು.

"ಅಯ್ಯೋ ಸಾರ್, ಇದೇನಿದು! ಇಷ್ಟೊಂದು ಸರ್ವೆ ನಂಬರ್ ಇಡೀ ತಾಲ್ಲೂಕಲ್ಲೇ ಇಲ್ಲ."

ಬೇರೆ ದಾರಿ ಇರಲಿಲ್ಲ. ಅರ್ಜಿಗಳ ಕಟ್ಟು ಬಿಚ್ಚಿ ಆ ನಂಬರುಗಳನ್ನೆಲ್ಲ ಮತ್ತೆ ಕೂಡಿಸಿದಳು. ತಪ್ಪು ಅವಳ ತಲೆಗೆ ಬರಬಾರದೆಂದು ಅಧಿಕಾರಿಗೆ ನಾನೇ ವಿವರಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ಇದು ಸಿಸ್ಟಮ್ ಪ್ರಾಬ್ಲಮ್," ಎಂದರು. ತಿದ್ದಿದ ಪಟ್ಟಿ ಎರಡು ದಿನದಲ್ಲಿ ಗೋಡೆಗೆ ಬಂತು. ಅದರಲ್ಲಿ ಎಲ್ಲರ ಸರ್ವೆ ನಂಬರೂ ಸರಿಯಾಗಿತ್ತು. ತಾರೀಖು ಯಾರಿಗೂ ಇರಲಿಲ್ಲ.

ಊರು ಸುಮ್ಮನಿರಲಿಲ್ಲ. ಕೊಟ್ಟಿದ್ದನ್ನು ಕಿತ್ತುಕೊಂಡರು ಎಂದು ಮಾರ್ಚ್ ಹನ್ನೆರಡರವರು ಟ್ರ್ಯಾಕ್ಟರಿನಲ್ಲಿ ಜನ ತುಂಬಿಸಿಕೊಂಡು ಕಚೇರಿಗೆ ಹೋದರು. ಆಗಸ್ಟ್ ಹದಿನೈದರವರು, "ತಡವಾದ್ರೂ ಪರವಾಗಿಲ್ಲ, ಇದ್ದಿದ್ದು ಇರ್ಲಿ," ಎಂದರು. ಇದು ನಂಬರು, ತಾರೀಖಲ್ಲ ಎಂದು ಆಪರೇಟರ್ ಹೇಳಿದ್ದಕ್ಕೆ, "ಹಂಗಾದ್ರೆ ಏಳನೇ ತಾರೀಖು ಅಳ್ದಿದ್ದು ಸುಳ್ಳಾ?" ಎಂದು ಕೇಳಿದರಂತೆ. ಅಳೆದದ್ದು ನಿಜ, ಕಲ್ಲು ನೆಟ್ಟದ್ದು ನಿಜ. ಕೊನೆಗೆ ಅಧಿಕಾರಿ ಒಂದು ತೀರ್ಮಾನಕ್ಕೆ ಬಂದರು: ತಾರೀಖಿಗೆ ಬೇರೆಯೇ ಕಲಂ ಮಾಡಿ, ಸರ್ವೆ ನಂಬರಿನ ಏರಿಕೆ ಕ್ರಮದಲ್ಲಿ ಜೋಡಿಸಿ, ಮೇಲಿನಿಂದ ಕೆಳಕ್ಕೆ ದಿನ ಹಾಕುತ್ತಾ ಹೋಗಿ. ಯಾರೂ ಆಕ್ಷೇಪಿಸಲಾಗದಂಥ ಕ್ರಮ ಅದು.

ನನಗೆ ಮಾತ್ರ ಅದು ಆಗದ ಕ್ರಮವಾಗಿತ್ತು. ಏರಿಕೆ ಕ್ರಮದಲ್ಲಿ ಮೂವತ್ತೆಂಟು ಬರುವಷ್ಟರಲ್ಲಿ ಏಪ್ರಿಲ್ ಕಳೆಯುತ್ತಿತ್ತು. ದೊಡ್ಡಮ್ಮನ ಸಂಗತಿ ಹೇಳಿ ತುರ್ತು ಎಂದು ಒಂದು ಅರ್ಜಿ ಕೊಡೋಣವೆಂದು ಮತ್ತೆ ಕಚೇರಿಗೆ ಹೋದೆ. ಗೋಡೆ ಆಗಲೇ ಸಮಾಧಿಗೆ ಹತ್ತು ಕಂಬಗಳ ದೂರಕ್ಕೆ ಬಂದಿತ್ತು. ಆಪರೇಟರ್ ನನ್ನ ಎದುರೇ ಕಲಮನ್ನು ಆರಿಸಿ ಏರಿಕೆ ಕ್ರಮದ ಗುಂಡಿ ಒತ್ತಿದಳು. ಸಾಲುಗಳು ಹಾರಿ ಕೂತವು.

"ಸರಿ ಇದೆಯಾ ಸಾರ್? ಈ ಸಲ ನೀವೇ ನೋಡ್ಬಿಡಿ. ಮತ್ತೆ ತಪ್ಪಾದ್ರೆ ನನ್ ಕೆಲ್ಸ ಹೋಗುತ್ತೆ."

ನೋಡಿದೆ. ಒಂದು ಬಾರ್ ಒಂದು, ಆಮೇಲೆ ಹತ್ತು, ಹನ್ನೊಂದು, ಹನ್ನೆರಡು, ಹದಿನೈದು, ಹದಿನೇಳು, ಆಮೇಲೆ ಎರಡು, ಇಪ್ಪತ್ತೊಂದು, ಮೂರು, ಮೂವತ್ತಮೂರು, ಮೂವತ್ತೆಂಟು ಬಾರ್ ಎರಡು. ಅದಾದ ಮೇಲೆ ನಾಲ್ಕು ಬಾರ್ ಒಂದು.

ಕಲಮನ್ನು ಅಕ್ಷರವೆಂದು ಬದಲಿಸಿದ್ದು ನಾವೇ. ಅಕ್ಷರವಾದ ಮೇಲೆ ಅದು ಅಂಕಿಯ ಬೆಲೆ ನೋಡುವುದಿಲ್ಲ, ಅಕಾರಾದಿಯಲ್ಲಿ ಪದಗಳನ್ನು ಜೋಡಿಸಿದಂತೆ ಮೊದಲ ಗುರುತು ನೋಡುತ್ತದೆ. ಮೂರರಿಂದ ಶುರುವಾದದ್ದು ನಾಲ್ಕಕ್ಕಿಂತ ಮೊದಲು. ಕೆಳಗಡೆ ಎಲ್ಲೋ ಇರಬೇಕಾಗಿದ್ದ ದೊಡ್ಡಮ್ಮ ಮೊದಲ ಪುಟದ ಕೊನೆಗೆ ಹತ್ತಿ ಕೂತಿದ್ದಳು. ಅವಳ ಮೇಲಿನ ಸಾಲುಗಳಲ್ಲಿ ಕೆಲವರದು ಆಗಲೇ ಅಳತೆಯಾಗಿ ಹೋಗಿತ್ತು. ಲೆಕ್ಕ ಹಾಕಿದೆ: ಮಾರ್ಚ್ ಮೊದಲ ವಾರ.

ತುರ್ತು ಅರ್ಜಿ ಜೇಬಿನಲ್ಲೇ ಇತ್ತು.

"ಏನ್ ಸಾರ್, ಸರಿ ಇದೆಯಾ?"

"ಅಕ್ಷರದ ಲೆಕ್ಕದಲ್ಲಿ ಸರಿಯಾಗೇ ಇದೆಯಮ್ಮ," ಎಂದೆ.

ಈ ವಾಕ್ಯದಲ್ಲಿ ಸುಳ್ಳಿಲ್ಲ. ಸುಳ್ಳಿಲ್ಲದ ವಾಕ್ಯ ಕಟ್ಟುವುದನ್ನು ನಾನು ಬಹಳ ಕಾಲ ಅಭ್ಯಾಸ ಮಾಡಿದ್ದೇನೆ. ಅವಳು ನಿಶ್ಚಿಂತೆಯಿಂದ ಪ್ರಿಂಟ್ ಒತ್ತಿದಳು.

ಪಟ್ಟಿ ಅಂಟಿಸಿದ ದಿನ ಗೆಳೆಯ ಮನೆಗೇ ಬಂದ. ಜನವರಿ ನಾಲ್ಕನ್ನು ಕಳೆದುಕೊಂಡವನಿಗೆ ಈಗ ಮಾರ್ಚ್ ಎರಡನೇ ವಾರ ಬಂದಿತ್ತು.

"ಗುರು, ನೀನು ಓದಿದೋನು. ನಾಲ್ಕು ದೊಡ್ದಾ, ಮೂವತ್ತೆಂಟು ದೊಡ್ದಾ?"

"ಮೂವತ್ತೆಂಟು."

"ಮತ್ತೆ ನಿಮ್ ದೊಡ್ಡಮ್ಮ ನಂಗಿಂತ ಮುಂದೆ ಹೆಂಗ್ ಬಂದ್ಲು?"

"ಕಂಪ್ಯೂಟರಲ್ಲಿ ಹಂಗೇ ಬಂದಿದೆ."

"ನೀನು ಆಫೀಸಿಗೆ ಎರಡ್ ಮೂರ್ ಸಲ ಹೋಗಿ ಬಂದ್ಯಂತೆ."

"ಹೋಗಿದ್ದೆ. ಜೋಡಿಸಿದ್ದು ನಾನಲ್ಲ. ಕ್ರಮ ತಪ್ಪಾಗಿದೆ ಅಂತ ಗೊತ್ತಾಯ್ತು, ಹೇಳ್ಲಿಲ್ಲ."

ಇಷ್ಟು ನೇರವಾಗಿ ಹೇಳಬೇಕೆಂದು ನಾನು ಅಂದುಕೊಂಡಿರಲಿಲ್ಲ. ಅವನು ಕಾಫಿ ಲೋಟ ಕೆಳಗಿಟ್ಟ.

"ನನ್ ಹೊಲದ ಹತ್ರ ಯಾವ ಗೋಡೇನೂ ಬರ್ತಾ ಇಲ್ಲ ಬಿಡು. ಆದ್ರೆ ಒಂದ್ ಮಾತು. ಇನ್ಮೇಲೆ ಪೇಪರ್‌ನಲ್ಲಿ ಯಾರ್‌ದಾದ್ರೂ ತಪ್ಪು ಬರೀಬೇಕಾದ್ರೆ ನನ್ನ ಒಂದ್ಸಲ ಕೇಳಿ ಬರಿ."

ದೊಡ್ಡಮ್ಮನ ದಿನ ಬಂದಾಗ ಗೋಡೆ ಸಮಾಧಿಗೆ ನಾಲ್ಕು ಕಂಬ ದೂರದಲ್ಲಿತ್ತು. ಸರ್ವೇಯರ್ ಹಳೆಯ ನಕ್ಷೆ, ಅಳತೆಯ ಉಪಕರಣ ಹಿಡಿದು ಒಂಬತ್ತಕ್ಕೇ ಬಂದ. ಲೇಔಟಿನ ಸೂಪರ್‌ವೈಸರ್ ಬಂದ. ದೊಡ್ಡಮ್ಮ ಹೊಸ ಸೀರೆ ಉಟ್ಟು, ಮಗಳ ಕೈಯಲ್ಲಿ ಕಾಯಿ ಹಿಡಿಸಿಕೊಂಡು ನಿಂತಿದ್ದಳು. ಗೆಳೆಯನೂ ಬಂದಿದ್ದ, ತನ್ನ ಸರದಿ ಹೇಗಿರುತ್ತದೆ ನೋಡಿಕೊಳ್ಳಲು ಎಂದು ಹೇಳಿದ.

ರಸ್ತೆ ಬದಿಯ ಹಳೇ ಬಾಂದು ಕಲ್ಲು ಮಣ್ಣಿನಲ್ಲಿ ಹೂತಿತ್ತು. ಗಡಿಯ ಆ ಕಲ್ಲಿನ ಮೇಲಿನ ಮಣ್ಣು ತೆಗೆದ ಮೇಲೆ ಕೆಲಸ ಸರಾಗವಾಯಿತು. ಒಂದು ಗಂಟೆಯ ನಂತರ ಸರ್ವೇಯರ್ ಬಡಗಣ ಕಡೆ ಮೂರು ಗೂಟ ಹೊಡೆಸಿದ. ಗೂಟಗಳು ಸಮಾಧಿಯ ಆಚೆಗೆ ಇದ್ದವು. ಕಟ್ಟೆಯ ಅಂಚಿನಿಂದ ಎರಡು ಹೆಜ್ಜೆ ಆಚೆ. ಸೂಪರ್‌ವೈಸರ್ ಕಟ್ಟಿದ್ದ ಹಗ್ಗ ಸಮಾಧಿಯ ಈಚೆಗೆ, ಒಂದು ಬದುವಿನ ಮೇಲೆ ಇತ್ತು. ದೊಡ್ಡಪ್ಪ ತನ್ನ ಜಮೀನಿನಲ್ಲೇ ಇದ್ದ.

ದೊಡ್ಡಮ್ಮ ಗೂಟ ನೋಡಿದಳು, ಹಗ್ಗ ನೋಡಿದಳು. "ಇಷ್ಟ್ ದೂರ ನಮ್ದಾ?" ಎಂದು ಸರ್ವೇಯರನ್ನು ಕೇಳಿದಳು.

"ನಿಮ್ದೇ ಅಜ್ಜಿ. ನಕ್ಷೇಲಿ ಹಿಂಗೇ ಇದೆ."

ಸೂಪರ್‌ವೈಸರ್ ತಲೆ ಕೆರೆದುಕೊಂಡ. "ನಾವೇನು ಬೇಕಂತ ಒಳಗ್ ಬಂದಿಲ್ಲ ಅಮ್ಮ. ನಮ್ ಓನರ್‌ಗೆ ಮಾರ್ದೋರು ಈ ಬದು ತೋರ್ಸಿದ್ರು. ಅವ್ರಿಗೆ ಮೊದ್ಲನೇ ಪಾರ್ಟಿ ಇದನ್ನೇ ತೋರ್ಸಿದ್ರಂತೆ."

ಮೊದಲನೇ ಪಾರ್ಟಿ ನಾನು. ನಮ್ಮ ಭಾಗ ಮಾರಿದ ದಿನ ತಂದೆಗೆ ಜ್ವರ. ಗಡಿ ತೋರಿಸಲು ನಾನು ರಜೆ ಹಾಕಿ ಬಂದಿದ್ದೆ. ನಕ್ಷೆ ತಂದಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋಗುವ ಅವಸರವಿತ್ತು. ಕೊಳ್ಳುವವರು ಎಲ್ಲಿವರೆಗೆ ಎಂದು ಕೇಳಿದರು, ಕಣ್ಣಿಗೆ ಒಂದು ಬದು ಕಂಡಿತು, ಕೈ ತೋರಿಸಿದೆ. ಬಹುಶಃ ಅದು ದೊಡ್ಡಪ್ಪ ನೀರು ನಿಲ್ಲಲು ತನ್ನ ಹೊಲದೊಳಗೆ ಹಾಕಿಕೊಂಡಿದ್ದ ಬದು. ಅದರಾಚೆ ಅವನನ್ನು ಮಣ್ಣು ಮಾಡಿದ ದಿನವೂ ನನ್ನ ತಪ್ಪು ನನಗೆ ಹೊಳೆಯಲಿಲ್ಲ. ಇಷ್ಟನ್ನೂ ಅಲ್ಲೇ, ಎಲ್ಲರ ಎದುರು ಹೇಳಿದೆ.

ಗೆಳೆಯ ಕೆಮ್ಮಿದ. ಸರ್ವೇಯರ್ ತನ್ನ ಪುಸ್ತಕದಲ್ಲಿ ಮುಖ ಹುದುಗಿಸಿದ.

"ನೀನೇನ್ಲಾ?" ಎಂದಳು ದೊಡ್ಡಮ್ಮ.

"ಹೌದು ದೊಡ್ಡಮ್ಮ."

"ಆರ್ ತಿಂಗ್ಳಿಂದ ನಾನು ಇವ್ರನ್ನ ಬೈತಾ ಇವ್ನಿ. ಆ ಪುಣ್ಯಾತ್ಮ ನಂಗೆ ಕುರ್ಚಿ ಹಾಕಿ ಕೂರುಸ್ದ. ನೀನು ಮೂರ್ ಹೊತ್ತೂ ನಮ್ಮನೇಲೇ ಉಂಡ್ಕೊಂಡು, ಒಂದ್ ದಿನಾನಾದ್ರೂ ಬಾಯ್ ಬಿಟ್ಯಾ?"

"ನಂಗೂ ಈಗ್ಲೇ ಗೊತ್ತಾಗಿದ್ದು."

"ಊರ್ನೋರ ತಪ್ಪೆಲ್ಲ ಕಾಣುತ್ತೆ," ಎಂದು ಅವಳು ಸೂಪರ್‌ವೈಸರ್ ಕಡೆ ತಿರುಗಿ ಹೇಳಿದಳು. ಅವನು ಪಾಪ ತಲೆಯಾಡಿಸಿದ.

ಮಹಜರಿಗೆ ಸಹಿಗಳಾದವು. ದೊಡ್ಡಮ್ಮ ಹೆಬ್ಬೆಟ್ಟು ಒತ್ತುವುದಿಲ್ಲ, ನಿಧಾನವಾಗಿ ಅಕ್ಷರ ಕೂಡಿಸಿ ಬರೆಯುತ್ತಾಳೆ. ಎಲ್ಲರೂ ಬಿಸಿಲಿನಲ್ಲಿ ಕಾದೆವು. ಸಾಕ್ಷಿಯ ಜಾಗದಲ್ಲಿ ಗೆಳೆಯ ಹಾಕಿದ. ನಾನು ಹಾಕಲು ಹೋದಾಗ ಸರ್ವೇಯರ್, "ಬೇಡ ಸಾರ್, ನೀವು ಹಳೇ ಪಾರ್ಟಿ ಆಗ್ತೀರ," ಎಂದು ಕಾಗದವನ್ನು ವಿನಯದಿಂದಲೇ ಹಿಂದಕ್ಕೆ ಎಳೆದುಕೊಂಡ.

ಕಲ್ಲು ನೆಡಲು ಲೇಔಟಿನ ಆಳುಗಳೇ ಹಾರೆ ಹಿಡಿದರು. ಗುಂಡಿ ಮೊಣಕಾಲಿನಷ್ಟು ಆದಾಗ ಸಾಕು ಎಂದು ಕಲ್ಲು ಎತ್ತಿದರು. ದೊಡ್ಡಮ್ಮ ತಡೆದಳು.

"ಇನ್ನೂ ಒಂದ್ ಮೊಳ ಕೆಳಕ್ ಹೋಗ್ಲಿ ಕಣ್ರಪ್ಪಾ."

"ಸಾಕು ಅಜ್ಜಿ, ಇದು ಅಲ್ಲಾಡಲ್ಲ," ಎಂದ ಸರ್ವೇಯರ್.

"ಮಳೆಗೆ ಅಲ್ಲಾಡಲ್ಲ, ಟ್ರ್ಯಾಕ್ಟ್ರಿಗೂ ಅಲ್ಲಾಡಲ್ಲ. ಇವ್ನು ಇನ್ನೊಂದ್ಸಲ ಕೈ ತೋರ್ಸುದ್ರೆ?"

ಆಳುಗಳು ಮತ್ತೆ ಹಾರೆ ತೆಗೆದುಕೊಂಡರು.